ಪಾಸ್ ಇದ್ದವಳು

ಇಂಗ್ಲಿಷಿನಲ್ಲಿ ನನಗೆ ಸರಿಯಾಗಿ ಬರುವ ಮಾತು ಒಂದೇ, ಪಾಸ್. ಮಿಕ್ಕ ಇಂಗ್ಲಿಷೆಲ್ಲ ಕೇಳಿಸಿಕೊಂಡು ತಲೆಯಾಡಿಸುವುದಕ್ಕೆ ಸಾಕಾಗುವಷ್ಟು. ಮೊನ್ನೆ ಮೊಮ್ಮಗಳು ದಪ್ಪದೊಂದು ನಿಘಂಟು ತೊಡೆಯ ಮೇಲಿಟ್ಟುಕೊಂಡು, "ಅಜ್ಜಿ, ನಿನ್ನ ಒಂದು ಮಾತಿಗೆ ಒಂದೂವರೆ ಪುಟ ಅರ್ಥ ಕೊಟ್ಟಿದ್ದಾರೆ ನೋಡು" ಎಂದು ಓದುತ್ತಾ ಹೋದಳು. ಬೆಟ್ಟಗಳ ನಡುವಿನ ಕಣಿವೆ ದಾರಿಗೂ ಪಾಸ್ ಅನ್ನುತ್ತಾರಂತೆ. ಊಟಕ್ಕೆ ಕೂತಾಗ ಉಪ್ಪಿನ ಬಟ್ಟಲನ್ನು ಪಕ್ಕದವರಿಗೆ ದಾಟಿಸುವುದೂ ಪಾಸಂತೆ. ಚೆಂಡಾಟದಲ್ಲಿ ಒಂದು, ಇಸ್ಪೀಟಿನಲ್ಲಿ ಇನ್ನೊಂದು. ಎಲ್ಲ ಕೇಳಿಸಿಕೊಂಡು, ಈ ಪುಸ್ತಕ ಬರೆದವರು ರೈಲ್ವೆ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವರಲ್ಲ ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.

ಈ ಮಾತು ನನ್ನ ಕಿವಿಗೆ ಮೊದಲು ಬಿದ್ದದ್ದು ಮದುವೆಯ ಮಾತುಕತೆಯಲ್ಲಿ. ನಮ್ಮೂರು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆ. ರಾಗಿ, ಅವರೆ, ಕೆರೆ ತುಂಬಿದ ವರ್ಷ ಒಂದಿಷ್ಟು ಭತ್ತ ಬೆಳೆಯುವ ಒಕ್ಕಲು ಮನೆ ನಮ್ಮದು. ನಮ್ಮಪ್ಪ ನೆಲಮಂಗಲದ ಕಡೆಯ ಹುಡುಗನೊಬ್ಬನನ್ನು ನೋಡಿಕೊಂಡು ಬಂದವರು ಹಜಾರದಲ್ಲಿ ಕೂತು, "ಹುಡುಗ ಪಾಸಾಗವ್ನೆ" ಎಂದರು. ಯಾವುದರಲ್ಲಿ ಪಾಸು, ಎಷ್ಟು ಓದಿ ಪಾಸು, ಯಾರೂ ಕೇಳಲಿಲ್ಲ. ನಮ್ಮ ಬೀದಿಯಲ್ಲಿ ಅದುವರೆಗೆ ಯಾವ ಮನೆಗೂ ಪಾಸಾದ ಅಳಿಯ ಬಂದಿರಲಿಲ್ಲ, ಅಷ್ಟೇ ಸಾಕಾಯಿತು. ನಾನು ಕನ್ನಡ ನಾಲ್ಕನೇ ಕ್ಲಾಸು ಓದಿದ್ದೆ. ಓದಿದ ಹುಡುಗಿ ಎಂದು ಅವರ ಕಡೆಯವರೂ ಹಿಗ್ಗಿದರು. ಒಬ್ಬರನ್ನೊಬ್ಬರು ಮೆಚ್ಚಿಸಿಕೊಳ್ಳುವುದಕ್ಕೆ ಆಗಿನ ಕಾಲದಲ್ಲಿ ಬಹಳ ಏನೂ ಬೇಕಾಗುತ್ತಿರಲಿಲ್ಲ.

ಯುದ್ಧ ನಡೆಯುತ್ತಿದ್ದ ಕಾಲ ಅದು. ಮದುವೆಯಾದವಳು ಬಂದು ಇಳಿದದ್ದು ಆವತಿಯ ಕಡೆ ಒಂದು ಸಣ್ಣ ಸ್ಟೇಷನ್ನಿನಲ್ಲಿ. ನನ್ನ ಗಂಡ ಅಲ್ಲಿ ಸ್ಟೇಷನ್ ಮಾಸ್ತರು. ಹಾಗೆಂದರೆ ದೊಡ್ಡದಾಗಿ ಕೇಳಿಸುತ್ತದೆ. ಒಂದು ಕೋಣೆಯ ಸ್ಟೇಷನ್ನು, ಅದರ ಹಿಂದೆ ನಮ್ಮ ಎರಡು ಕೋಣೆಯ ಮನೆ, ಒಂದು ಬಾವಿ, ಎರಡು ಬೇವಿನ ಮರ. ಊರು ಮುಕ್ಕಾಲು ಮೈಲಿ ಆಚೆ. ಊರಿನಿಂದ ಬೆಳಗ್ಗೆ ಬಂದು ಸಂಜೆ ಹೋಗುವ ಒಬ್ಬ ಪೋರ್ಟರಜ್ಜ. ಅವನನ್ನು ಬಿಟ್ಟರೆ ಮನುಷ್ಯರ ಮುಖ ಕಾಣಬೇಕಾದರೆ ರೈಲು ಬರಬೇಕು. ಅದೂ ದೊಡ್ಡ ರೈಲಲ್ಲ, ಬೆಂಗಳೂರಿಂದ ಚಿಕ್ಕಬಳ್ಳಾಪುರಕ್ಕೆ ಓಡಾಡುತ್ತಿದ್ದ ಪುಟ್ಟ ರೈಲು. ಏರಿನಲ್ಲಿ ಅದಕ್ಕೆ ಏದುಸಿರು ಬರುತ್ತಿತ್ತು. ಅದು ಬಂದು ನಿಂತು ಹೊರಡುವ ಐದು ನಿಮಿಷಕ್ಕೋಸ್ಕರ ನಾನು ತಲೆ ಬಾಚಿಕೊಂಡು ಅಡಿಗೆ ಮನೆಯ ಕಿಟಕಿಯಲ್ಲಿ ನಿಲ್ಲುತ್ತಿದ್ದೆ.

ಅಲ್ಲಿ ಪಾಸ್ ಎಂದರೆ ರೈಲು ಹೊರಟುಹೋಗುವುದು. "ಗಾಡಿ ಪಾಸಾಯ್ತು" ಎಂದುಕೊಂಡೇ ನನ್ನ ಗಂಡ ಒಳಗೆ ಬರುತ್ತಿದ್ದರು. ಬೆಳಗಿನ ಗಾಡಿ ಪಾಸಾದರೆ ತಿಂಡಿ, ಮಧ್ಯಾಹ್ನದ್ದು ಪಾಸಾದರೆ ಊಟ. ಗಾಡಿ ತಡವಾದ ದಿನ ಅವರ ಹಸಿವೂ ತಡವಾಗುತ್ತಿತ್ತು. ಕೆಟ್ಟ ಮನುಷ್ಯರಲ್ಲ. ಒಂದು ದಿನ ಕೈ ಎತ್ತಿದವರಲ್ಲ, ಅನ್ನದ ಮುಂದೆ ಮುಖ ಗಂಟು ಹಾಕಿದವರಲ್ಲ. ಆದರೆ ಮಾತು ಅವರಿಗೆ ಬರುತ್ತಲೇ ಇರಲಿಲ್ಲ. ಚಿಕ್ಕಂದಿನಲ್ಲೇ ತಾಯಿ ಹೋಗಿ, ಹಾಸ್ಟೆಲಿನಲ್ಲಿ ಬೆಳೆದವರು. ಸಂಜೆ ಕಂದೀಲು ಹಚ್ಚಿಟ್ಟರೆ ಅದರ ಈ ಕಡೆ ನಾನು, ಆ ಕಡೆ ಅವರು, ನಡುವೆ ಅವರ ರಿಜಿಸ್ಟರು. ತುಂಬಿದ ಮನೆಯಿಂದ ಬಂದವಳು ನಾನು. ಒಂದೊಂದು ದಿನ ನನ್ನ ಧ್ವನಿ ಇದೆಯೋ ಹೋಗಿದೆಯೋ ನೋಡೋಣ ಎಂದು ಬಾವಿಯ ಹತ್ತಿರ ನಿಂತು ಸುಮ್ಮನೆ ಏನಾದರೂ ಅಂದುಕೊಳ್ಳುತ್ತಿದ್ದೆ.

ಮೊದಲ ವರ್ಷ ಇದನ್ನೆಲ್ಲ ತಡೆದುಕೊಂಡದ್ದು ತವರಿನ ಕರೆಯಿಂದ. ನಮ್ಮಲ್ಲಿ ಕೊಟ್ಟ ಹೆಣ್ಣು ತಾನಾಗಿ ತವರಿಗೆ ಹೋಗುವಂತಿಲ್ಲ. ಗೌರಿ ಹಬ್ಬಕ್ಕೋ ದೀಪಾವಳಿಗೋ ಅಪ್ಪನಾಗಲಿ ಅಣ್ಣನಾಗಲಿ ಬರಬೇಕು, ಎಲೆ ಅಡಿಕೆ, ಅರಿಶಿನ ಕುಂಕುಮ ತರಬೇಕು, ಅಳಿಯನ ಎದುರಿಗೆ ಕೂತು ಮಗಳನ್ನು ಕಳಿಸಿಕೊಡಿ ಎಂದು ಬಾಯಿಬಿಟ್ಟು ಕೇಳಬೇಕು. ಆಗ ಅವಳು ಹೊರಡಬಹುದು. ಹಾಗೆ ಹೋದರೆ ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ಮಾತಾಡಿಸುತ್ತದೆ. ಕರೆಯದೆ ಹೋದರೆ ಅದೇ ಬೀದಿ, ಯಾಕೆ ಬಂದಳಂತೆ, ಗಂಡ ಓಡಿಸಿದನಂತಾ ಎಂದು ಗುಸುಗುಸು ಮಾಡುತ್ತದೆ. ಮೊದಲ ವರ್ಷದ ಗೌರಿಗೆ ನಮ್ಮಪ್ಪ ಗಾಡಿ ಕಟ್ಟಿಕೊಂಡೇ ಬಂದಿದ್ದರು. ರೈಲು ಹಳಿಯ ಪಕ್ಕದ ರಸ್ತೆಯಲ್ಲಿ ಎತ್ತಿನ ಗಾಡಿ ಹೊಡೆದುಕೊಂಡು ಬಂದು, ಸ್ಟೇಷನ್ ಮುಂದೆ ಎತ್ತು ಬಿಚ್ಚಿ, ಪೇಟ ಸರಿಮಾಡಿಕೊಂಡು ಒಳಗೆ ಬಂದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಿಂದಿರುಗುವಾಗ ದಾರಿಯುದ್ದಕ್ಕೂ ನಾನು ಮಾತಾಡುತ್ತಲೇ ಇದ್ದೆ. "ಒಸಿ ಉಸುರು ತಗೋ ಮಗ" ಎಂದರು.

ಎರಡನೇ ವರ್ಷದ ಬೇಸಗೆಯಲ್ಲಿ ನನ್ನ ಗಂಡನಿಗೆ ಆಫೀಸಿನಿಂದ ಒಂದು ಕಾಗದ ಬಂತು. ರೈಲ್ವೆಯವರ ಮನೆಯವರು ಟಿಕೆಟ್ಟಿಲ್ಲದೆ ಓಡಾಡುವ ಪಾಸು. ನನ್ನ ಹೆಸರಿರಲಿಲ್ಲ, ಹೆಂಡತಿ ಎಂದು ಮಾತ್ರ ಬರೆದಿದ್ದಾರೆ ಎಂದು ಅವರು ಓದಿ ಹೇಳಿದರು. ಹೆಸರಿಲ್ಲದಿದ್ದರೂ ಅದು ನಾನೇ ಅಲ್ಲವೇ. ನನಗೆ ಬಂದ ಜಂಬ ಹೇಳತೀರದು. ಆವತ್ತೇ ಒಂದು ಕಾರ್ಡು ತೆಗೆದು ನಮ್ಮೂರಿಗೆ ಬರೆದೆ. ಎಲ್ಲರೂ ಕ್ಷೇಮ, ಮಳೆ ಬಂದಿಲ್ಲ ಎಂದೆಲ್ಲ ಬರೆದು, ಕೊನೆಗೆ ಜಾಗ ಉಳಿದಿತ್ತು ಎಂದು, "ನಮಗೆ ಈಗ ಪಾಸ್ ಬಂದಿದೆ. ಇನ್ನು ಮೇಲೆ ನಾನು ಯಾವಾಗ ಬೇಕಾದರೂ ರೈಲು ಹತ್ತಬಹುದು, ಯಾರೂ ಕೇಳುವ ಹಾಗಿಲ್ಲ" ಎಂದು ಸೇರಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಕಾರ್ಡಿನಲ್ಲಿ ಬರೆದದ್ದು ಅದಕ್ಕಿಂತ ಕಷ್ಟ, ಅದನ್ನು ಇನ್ನೊಬ್ಬರು ಗಟ್ಟಿಯಾಗಿ ಓದುತ್ತಾರೆ. ನಮ್ಮಪ್ಪ ಅವ್ವ ಇಬ್ಬರಿಗೂ ಓದು ಬರುತ್ತಿರಲಿಲ್ಲ. ಊರಿನ ಮೇಷ್ಟ್ರು ಜಗಲಿಯಲ್ಲಿ ಕೂತು ನಾಲ್ಕು ಜನರ ಎದುರಿಗೆ ಓದಿರುತ್ತಾರೆ. ಓದಿಸಿಕೊಂಡವರು ಎರಡು ಸಲ ಓದಿಸಿರುತ್ತಾರೆ.

ಆ ಮಳೆಗಾಲದಲ್ಲಿ ನಾನು ಬಸಿರಾದೆ. ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡಬಾರದು ಎಂದು ನಮ್ಮಲ್ಲಿ ಶಾಸ್ತ್ರ. ಗೌರಿಗೆ ಹೋಗಿ ಅವ್ವನ ಕಿವಿಯಲ್ಲೇ ಹೇಳೋಣ ಎಂದು ದಿನ ಎಣಿಸುತ್ತಿದ್ದೆ. ಮೂರು ತುಂಬುವುದಕ್ಕೆ ಎಂಟು ದಿನ ಇರುವಾಗ ನಿಲ್ಲಲಿಲ್ಲ. ಪೋರ್ಟರಜ್ಜ ಮತ್ತು ಗಾರ್ಡು ನನ್ನನ್ನು ರೈಲಿಗೆ ಹತ್ತಿಸಿದರು, ನನ್ನ ಗಂಡ ಸ್ಟೇಷನ್ ಬಿಟ್ಟು ಬರುವಂತಿರಲಿಲ್ಲ. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ನರ್ಸಮ್ಮ ದಿನಕ್ಕೆರಡು ಸಲ ಬಂದು, "ನೀರು ಪಾಸಾಯ್ತೇನಮ್ಮ?" ಎಂದು ಕೇಳುತ್ತಿದ್ದಳು. ಈ ಮಾತಿಗೆ ಹೀಗೂ ಒಂದು ಅರ್ಥ ಇದೆ ಎಂದು ಆಗ ತಿಳಿಯಿತು. ಬೇರೆ ಹೊತ್ತಿನಲ್ಲಾಗಿದ್ದರೆ ನಾಚಿಕೆಯಾಗಿ ನಗುತ್ತಿದ್ದೆನೋ ಏನೋ. ಮೂರು ದಿನವೂ ಅವ್ವ ಬೇಕು, ಅವ್ವ ಬೇಕು ಎಂದು ಗೋಡೆಗೆ ಹೇಳಿಕೊಂಡು ಮಲಗಿದ್ದೆ. ಮನೆಗೆ ಬಂದ ಮೇಲೆ ಕಾರ್ಡು ತೆಗೆದುಕೊಂಡು ಕೂತೆ. ಜಗಲಿಯಲ್ಲಿ ನಾಲ್ಕು ಜನರ ಎದುರಿಗೆ ಮೇಷ್ಟ್ರು ಓದುವ ಕಾರ್ಡಿನಲ್ಲಿ ಇದನ್ನು ಹೇಗೆ ಬರೆಯುವುದು? ಕ್ಷೇಮ ಎಂದು ಬರೆದು ಕಳಿಸಿದೆ.

ಗೌರಿ ಹಬ್ಬ ಹತ್ತಿರ ಬಂತು. ರೈಲಿನಿಂದ ಹೆಂಗಸರು ಇಳಿಯತೊಡಗಿದರು. ಹಿಂದೆ ಟ್ರಂಕು ಹೊತ್ತ ಅಣ್ಣ, ಮುಂದೆ ಹೊಸ ಸೀರೆಯ ತಂಗಿ. ಯಾವ ಹೆಂಗಸೂ ಒಬ್ಬಳೇ ಇಳಿಯಲಿಲ್ಲ, ನಾನು ನೋಡುತ್ತಲೇ ಇದ್ದೆ. ನಾನೂ ಸೀರೆ ಮಡಿಸಿ ಟ್ರಂಕಿನಲ್ಲಿಟ್ಟಿದ್ದೆ. ಸ್ಟೇಷನ್ ಮುಂದೆ ಎತ್ತಿನ ಗೆಜ್ಜೆ ಕೇಳಿಸಿದಾಗಲೆಲ್ಲ ಒಲೆಯ ಮೇಲಿನದನ್ನು ಇಳಿಸಿ ಬಾಗಿಲಿಗೆ ಬರುತ್ತಿದ್ದೆ. ಎಲ್ಲ ಯಾರ್ಯಾರದೋ ಗಾಡಿ.

ಹಬ್ಬ ಕಳೆಯಿತು. ಅಪ್ಪನ ಪರವಾಗಿ ನಾನೇ ವಕಾಲತ್ತು ಹಾಕಿಕೊಂಡೆ. ಯುದ್ಧದ ಕೊರತೆಯಿಂದ ಆ ವರ್ಷ ರಾಗಿಯನ್ನು ಊರಿಂದ ಊರಿಗೆ ಸಾಗಿಸಬೇಕಾದರೆ ತಾಲ್ಲೂಕು ಕಚೇರಿಯ ಚೀಟಿ ಬೇಕಾಗಿತ್ತು. ಅದಕ್ಕೂ ನಮ್ಮ ಕಡೆ ಪಾಸು ಅಂತಲೇ ಹೇಳುತ್ತಿದ್ದರು. ಚೀಟಿಯಿಲ್ಲದೆ ಅರ್ಧ ಮೂಟೆ ರಾಗಿ ತಂದಿದ್ದ ಒಬ್ಬನನ್ನು ನಮ್ಮ ಸ್ಟೇಷನ್ನಿನಲ್ಲೇ ಕೆಳಗಿಳಿಸಿದ್ದರು. ಮಗಳ ಮನೆಗೆ ಬರಿಗೈಯಲ್ಲಿ ಬರುವವರಲ್ಲ ನಮ್ಮಪ್ಪ. ರಾಗಿ ತರುವುದಕ್ಕೆ ಪಾಸು ಸಿಕ್ಕಿಲ್ಲ, ಅದಕ್ಕೇ ಬಂದಿಲ್ಲ, ದೀಪಾವಳಿಗೆ ಬರುತ್ತಾರೆ ಎಂದುಕೊಂಡೆ. ದೀಪಾವಳಿಯೂ ಬಂತು. ಎರಡು ಹಣತೆ ಹಚ್ಚಿ ಬಾಗಿಲಲ್ಲಿಟ್ಟು, ಅದು ಎಣ್ಣೆ ಮುಗಿದು ಆರುವವರೆಗೆ ಅಲ್ಲೇ ಕೂತಿದ್ದೆ.

ನನ್ನ ಗಂಡನಿಗೆ ನನ್ನ ಸಂಕಟ ಅರ್ಥವಾಗಲಿಲ್ಲ. "ನಿನಗೇನು ಕಷ್ಟ? ಪಾಸ್ ಇದೆ, ಒಂದೇ ಸ್ಟೇಷನ್ನು, ಅಲ್ಲಿಂದ ಯಾವುದಾದ್ರೂ ಎತ್ತಿನ ಗಾಡಿ. ಹೋಗಿ ಬಾ" ಎಂದರು.

"ಕರೀದೆ ಹೇಗೆ ಹೋಗ್ಲಿ?" ಎಂದೆ.

"ನಿಮ್ಮಪ್ಪನ ಮನೆಗೆ ಹೋಗೋಕೆ ನಿನಗೆ ಸಮನ್ಸ್ ಬರಬೇಕೇನು?" ಎಂದು ನಕ್ಕು ರಿಜಿಸ್ಟರು ತೆಗೆದರು. ತಾಯಿಯಿಲ್ಲದೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳುವುದು ನನ್ನಿಂದಾಗಲಿಲ್ಲ. ಕರೆ ಎಂದರೆ ದಾರಿ ತೋರಿಸುವುದಲ್ಲ, ದಾರಿ ನನಗೂ ಗೊತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಊರೆಲ್ಲ ಹೇಳುವಾಗ, ನಮ್ಮ ಮನೆಯಲ್ಲಿ ನೀನಿನ್ನೂ ಬೇಕಾದವಳು ಎಂದು ಒಬ್ಬರು ಬಂದು ಹೇಳಿಹೋಗುವುದು. ವರ್ಷಕ್ಕೆ ಎರಡು ಸಲ ಅದನ್ನು ಕೇಳಿದರೆ ಮಿಕ್ಕ ದಿನ ಹೇಗೋ ನೂಕಬಹುದಿತ್ತು.

ನಿಜಾಂಶ ತಿಳಿದದ್ದು ಪೋರ್ಟರಜ್ಜನಿಂದ. ಕಾರ್ತಿಕ ಮುಗಿಯುವ ಹೊತ್ತು. ಅವನು ದೇವನಹಳ್ಳಿ ಸಂತೆಗೆ ಹೋಗಿ ಬಂದವನು, ಬಾವಿಯ ಕಟ್ಟೆಯ ಮೇಲೆ ಕೂತು ಎಲೆ ಹಾಕಿಕೊಳ್ಳುತ್ತಾ, "ನಿಮ್ಮಪ್ಪ ಸಿಕ್ಕಿದ್ರು ಕಣವ್ವ" ಎಂದ. ನನ್ನ ಕೈಯಲ್ಲಿದ್ದ ಬಿಂದಿಗೆ ಅಲ್ಲೇ ಇಟ್ಟು ನಿಂತೆ. "ಯಾಕ್ ಗೌಡ್ರೆ, ಹಬ್ಬಕ್ ಮಗಳ್ನ ಕರ್ಯಾಕ್ ಬರ್ಲಿಲ್ಲ ಅಂದೆ. ಅದ್ಕವ್ರು, ಅಯ್ಯೋ, ಅವಳ್ಗೇನಪ್ಪ, ಪಾಸ್ ಇರೋಳು. ರೈಲಲ್ ಓಡಾಡೋಳ್ನ ಎತ್ತಿನ್ ಗಾಡೀಲ್ ಕೂರ್ಸ್ಕೊಂಡ್ ಬಂದ್ರೆ ಅಳಿಯಂದ್ರಿಗೆ ಅವಮಾನ ಅಲ್ವ? ಬರೋ ಮನಸಿದ್ರೆ ಅವಳೇ ಬತ್ತಾಳೆ. ಅವಳವ್ವ ಎರಡ್ ಹಬ್ಬದಲ್ಲೂ ದಾರಿ ನೋಡಿದ್ಲು, ಬರ್ಲಿಲ್ಲ. ದೊಡ್ಡೋಳಾಗವ್ಳೆ, ಇರ್ಲಿ ಬಿಡು ಅಂದ್ರು."

ಆ ದಿನ ನಾನು ನೀರು ಸೇದಿದೆನೋ ಇಲ್ಲವೋ ನೆನಪಿಲ್ಲ. ಎರಡು ಹಬ್ಬ ನಾನು ಇಲ್ಲಿ ಗೆಜ್ಜೆ ಸದ್ದಿಗೆ ಕಿವಿಗೊಟ್ಟು ನಿಂತಿದ್ದೆ, ಅದೇ ಎರಡು ಹಬ್ಬ ಅವ್ವ ಅಲ್ಲಿ ಬೀದಿ ನೋಡುತ್ತಾ ಕೂತಿದ್ದಳು. ನನಗೆ ಜಂಬ ಬಂದಿದೆ ಎಂದು ಅವರು, ನಾನು ಅವರಿಗೆ ಬೇಡವಾಗಿದ್ದೇನೆ ಎಂದು ನಾನು. ನಡುವೆ ಒಂದು ಸ್ಟೇಷನ್ನು, ಎರಡು ಗಂಟೆಯ ಗಾಡಿ ದಾರಿ. ಆ ಕಾರ್ಡು ಬರೆದ ಕೈಯನ್ನು ಒಲೆಗೆ ಒಡ್ಡಬೇಕು ಅನ್ನಿಸಿತು. ಯಾವಾಗ ಬೇಕಾದರೂ ರೈಲು ಹತ್ತಬಹುದು ಎಂದು ಬರೆದವಳು ನಾನೇ ತಾನೆ. ಅವರು ಅದನ್ನು ನಂಬಿದ್ದು ತಪ್ಪೇ?

ಇನ್ನೊಂದು ಕಾರ್ಡು ಬರೆಯಲು ಕೂತೆ. ದಯವಿಟ್ಟು ಕರೆಯಲು ಬನ್ನಿ ಎಂದು ಬರೆದರೆ, ಅದನ್ನೂ ಜಗಲಿಯಲ್ಲಿ ಓದುತ್ತಾರೆ. ಅಯ್ಯೋ ಪಾಪ, ಗಂಡನ ಮನೆಯಲ್ಲಿ ಏನೋ ಆಗಿದೆ ಎಂದು ಊರು ತೀರ್ಮಾನ ಮಾಡುತ್ತದೆ. ಕೇಳಿ ಪಡೆದ ಕರೆ ಕರೆಯೂ ಅಲ್ಲ. ಹರಿದು ಒಲೆಗೆ ಹಾಕಿದೆ. ನಾನೇ ಹೋಗುವುದು ಎಂದು ಗಟ್ಟಿ ಮಾಡಿಕೊಂಡೆ. ಹೋಗಿ ಅವ್ವನ ಹತ್ತಿರ ಎಲ್ಲ ಹೇಳಿಬಿಡಬೇಕು. ನಾನು ಕಾಯುತ್ತಿದ್ದೆ ಎಂದು, ಒಂದು ಕೂಸು ಹೋಯಿತು ಎಂದು. ಹತ್ತು ದಿನ ಅಡಿಗೆಮನೆಯಲ್ಲಿ ಅವಳ ಪಕ್ಕದಲ್ಲೇ ಮಲಗಬೇಕು. ಹತ್ತು ದಿನದ ಮೇಲೆ ಮತ್ತೆ ಅವಳೇ, ಸಂಕ್ರಾಂತಿಗೆ ಅಪ್ಪನ್ನ ಕಳಿಸ್ತೀನಿ ಅನ್ನಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಅವರೆಕಾಯಿ ಕಾಲ. ಬೆಳಗಿನ ಗಾಡಿಗೆ ಹತ್ತಿದೆ. ನನ್ನ ಗಂಡ ಪಾಸಿನಲ್ಲಿ ಹತ್ತು ದಿನಕ್ಕೆ ತಾರೀಕು ಬರೆಸಿಕೊಟ್ಟಿದ್ದರು. ಗಾರ್ಡು ಅದನ್ನು ನೋಡಲೂ ಇಲ್ಲ, "ಕೂತ್ಕೊಳ್ಳಿ ಅಮ್ಮ" ಎಂದ. ದೇವನಹಳ್ಳಿಯಲ್ಲಿ ಇಳಿದು, ನಮ್ಮ ಕಡೆ ಹೋಗುತ್ತಿದ್ದ ಗಾಡಿಯವನೊಬ್ಬನನ್ನು ಕೇಳಿಕೊಂಡು ಅದರಲ್ಲಿ ಕೂತೆ. ಸಂತೆಯ ಮಡಕೆಗಳ ನಡುವೆ ಟ್ರಂಕು ಇಟ್ಟುಕೊಂಡು, ಮಡಕೆ ಒಡೆಯದ ಹಾಗೆ ಕೈಯಲ್ಲಿ ಹಿಡಿದುಕೊಂಡು ಊರು ಸೇರಿದೆ. ಟ್ರಂಕನ್ನು ಅಂಗಳದಲ್ಲೇ ಇಟ್ಟೆ. ಒಳಕ್ಕೆ ಹೊತ್ತುಕೊಂಡು ಹೋಗಲು ಯಾಕೋ ಧೈರ್ಯ ಬರಲಿಲ್ಲ.

ಅವ್ವ ಹಿತ್ತಲಿನಿಂದ ಬಂದಳು. ಮಡಿಲ ತುಂಬ ಅವರೆಕಾಯಿ. ನನ್ನನ್ನು ಕಂಡು ನಿಂತಳು. ಮುಖ ಅರಳಿತು, ಅದರಲ್ಲಿ ನಾನು ಸುಳ್ಳು ಹೇಳುವುದಿಲ್ಲ. ಕಾಯಿಯನ್ನು ಅಲ್ಲೇ ಸುರಿದು ಬಂದು ನನ್ನ ಕೆನ್ನೆ ಸವರಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು.

"ತಿರುಗಾ ರೈಲು ಎಷ್ಟೊತ್ಗವ್ವ?"

ನನ್ನನ್ನು ಓಡಿಸುವುದಕ್ಕೆ ಕೇಳಿದ್ದಲ್ಲ. ರೈಲಿನವರ ಹೊತ್ತು ತಪ್ಪಬಾರದು, ಅಳಿಯನ ಊಟಕ್ಕೆ ತೊಂದರೆಯಾಗಬಾರದು, ಅಷ್ಟರೊಳಗೆ ಮಗಳಿಗೆ ಏನಾದರೂ ಮಾಡಿ ಬಡಿಸಬೇಕು, ಅದಕ್ಕೆ ಕೇಳಿದ್ದು. ಅದು ನನಗೆ ಆಗಲೇ ಗೊತ್ತಾಯಿತು. ಗೊತ್ತಾಗಿ ಏನು ಮಾಡುವುದು? ಬಾ, ನಾಲ್ಕು ದಿನ ಇದ್ದು ಹೋಗು ಎಂಬ ಮಾತು ಅವಳ ಬಾಯಿಂದ ಮೊದಲು ಬರಲಿ ಎಂದು ನಾನು ತಿಂಗಳುಗಟ್ಟಲೆ ಕಾದಿದ್ದೆ.

"ಸಂಜೆಗೆ ಕಣವ್ವ" ಎಂದೆ.

ಅಯ್ಯೋ ಇಷ್ಟು ಬೇಗವೇ ಎಂದಾಳೋ ಎಂದು ಅವಳ ಮುಖ ನೋಡಿದೆ. ಅವಳು, ನನ್ನ ಮಗಳಿಗೆ ನೂರೆಂಟು ಕೆಲಸ ಎಂಬಂತೆ ತಲೆಯಾಡಿಸಿ, ಓಡಾಡಿ ಒಲೆ ಹಚ್ಚಿದಳು. ನಾನು ಕಾಯಿ ಸುಲಿಯಲು ಕೂತರೆ ಬಿಡಲಿಲ್ಲ. ಹಜಾರದಲ್ಲಿ ಚಾಪೆ ಹಾಸಿ, "ಕುಂತ್ಕೊ ಮಗ, ಇರೋದೇ ಒಂದ್ ಗಳಿಗೆ, ನಿಂಗ್ಯಾಕ್ ಕೆಲ್ಸ" ಎಂದಳು. ಅಪ್ಪ ಹೊಲದಿಂದ ಬಂದು, ಪೇಟ ತೆಗೆದು, ಅಳಿಯಂದಿರ ಕ್ಷೇಮ ವಿಚಾರಿಸಿದರು. ಪಕ್ಕದ ಮನೆಯವಳು ಬಾಗಿಲಲ್ಲಿ ಇಣುಕಿದಾಗ ಅವ್ವ ಒಳಗಿನಿಂದಲೇ, "ನಮ್ಮೋಳು ರೈಲಲ್ ಬಂದವ್ಳೆ, ಸಂಜೆ ರೈಲ್ಗೇ ಹೋಯ್ತಾಳೆ" ಎಂದು ಹೆಮ್ಮೆಯಿಂದ ಹೇಳಿದಳು. ಅವರೆಕಾಳಿನ ಸಾರು, ಮುದ್ದೆ, ನನ್ನ ಎಲೆಗೆ ಮಾತ್ರ ಬೆಣ್ಣೆ. ಉಪ್ಪು ಸಾಕೇ ಎಂದು ಕೇಳಿದಾಗ ಸಾಕು ಎಂದೆ. ಕೂಸಿನ ಮಾತು ಎರಡು ಸಲ ಗಂಟಲವರೆಗೆ ಬಂತು. ನೆಂಟರ ಹಾಗೆ ಒಂದು ಗಳಿಗೆಗೆ ಬಂದವಳು ಆ ಮಾತು ಆಡುವುದು ಹೇಗೆ? ಆಡಲಿಲ್ಲ. ಅವ್ವನಿಗೆ ಅದು ಕೊನೆಯವರೆಗೂ ತಿಳಿಯಲಿಲ್ಲ.

ಮಧ್ಯಾಹ್ನ ಇಳಿಯುವ ಮೊದಲೇ ಅಪ್ಪ ದೇವನಹಳ್ಳಿಗೆ ಹೊರಟಿದ್ದ ಯಾರದೋ ಗಾಡಿ ಗೊತ್ತುಮಾಡಿದರು. ಟ್ರಂಕು ಮತ್ತೆ ಗಾಡಿಗೆ ಹೋಯಿತು. ಅದು ಇಷ್ಟು ಭಾರ ಯಾಕಿದೆ ಎಂದು ಯಾರೂ ಕೇಳಲಿಲ್ಲ. ಅವ್ವ ಕೆರೆ ಏರಿಯವರೆಗೆ ನಡೆದು ಬಂದಳು. ನನ್ನ ಸೆರಗಿಗೆ ಸುಲಿದ ಅವರೆಕಾಳು ಕಟ್ಟಿ, ನನ್ನ ಕೈ ಹಿಡಿದುಕೊಂಡೇ ಮಾತಾಡಿದಳು. ಅಷ್ಟು ಖುಷಿಯಾಗಿ ಅವಳು ಮಾತಾಡಿದ್ದನ್ನು ನಾನು ಅಪರೂಪಕ್ಕೆ ಕೇಳಿದ್ದೆ.

"ನೀನು ಕರೀದೇ ಬಂದ್ಬಿಟ್ಟೆ ನೋಡು, ಅದೇ ನಂಗ್ ಸಂತೋಸ. ಮನಸಲ್ ಏನೋ ಇಟ್ಕೊಂಡಿದೀಯ ಅಂತಿದ್ದೆ. ಇನ್ಮ್ಯಾಕೆ ಕರ್ಯೋದು ಕಾಯೋದು ಯಾವ್ದೂ ಬ್ಯಾಡ ಮಗ. ನಿಮ್ಮಪ್ಪಂಗೂ ಹೇಳಿವ್ನಿ, ಅವಳ್ನ ಕರ್ಯೋ ಕೆಲ್ಸ ನಮ್ಗೆ ತಪ್ತು ಅಂತ."

"ಹೂಂ ಕಣವ್ವ" ಎಂದೆ. ಗಾಡಿ ಹೊರಟಿತು.

ಆಮೇಲೆ ನಾನು ಎಷ್ಟೋ ಸಲ ಹೋದೆ. ಬಾ ಎಂದು ಹೇಳುವ ಮೊದಲೇ ಹೋಗುತ್ತಿದ್ದೆ, ಇನ್ನೇನು ಮಾಡಲಿ. ಮಾಡಿ ಬಡಿಸಿದರು, ಸೀರೆ ಕೊಟ್ಟರು, ಪ್ರೀತಿಗೆ ಒಂದು ಕಾಳಿನಷ್ಟೂ ಕಡಿಮೆ ಮಾಡಲಿಲ್ಲ. ಎರಡು ವರ್ಷದ ಮೇಲೆ ನನ್ನ ಮಗಳು ಹುಟ್ಟುವಾಗ, ಚೊಚ್ಚಲ ಹೆರಿಗೆಗೆ ತವರಿನವರು ಬಂದು ಕರೆದುಕೊಂಡು ಹೋಗದ ಮನೆ ನಮ್ಮ ಕಡೆ ಒಂದೂ ಇರಲಿಲ್ಲ. ಏಳು ತಿಂಗಳ ಬಸುರಿ ನಾನು ಪಾಸು ತೆಗೆದುಕೊಂಡು ಒಬ್ಬಳೇ ರೈಲು ಹತ್ತಿದೆ.